ಅಟ್ಟದ ಮೇಲಿನ ಕ್ಯಾಸೆಟ್ಟುಗಳು

ತೆಂಗಿನಕಾಯಿ ಗಿಟುಕಾಗಿದೆಯೋ ಇಲ್ಲವೋ ಅನ್ನೋದನ್ನ ನಮ್ಮಪ್ಪ ಕಣ್ಣಲ್ಲಿ ನೋಡಿ ಹೇಳಿದವರಲ್ಲ. ಏಣಿ ಹಾಕಿ ಅಟ್ಟ ಹತ್ತೋರು, ಒಂದು ಕಾಯಿ ತಗೊಂಡು ಕಿವಿ ಹತ್ತಿರ ಅಲ್ಲಾಡಿಸೋರು. ಒಳಗೆ ನೀರು ಕುಲುಕಿದರೆ ಮತ್ತೆ ಅದೇ ಜಾಗಕ್ಕೆ. ಗಡಗಡ ಅಂದರೆ ಮಾತ್ರ ಕೆಳಕ್ಕೆ. ಹತ್ತು ಹನ್ನೊಂದು ತಿಂಗಳು ಕತ್ತಲಲ್ಲಿ ಕೂತ ಕಾಯಿ ತನ್ನ ನೀರನ್ನು ತಾನೇ ಕುಡಿದು, ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆ ಕೊಬ್ಬರಿಯಾಗುತ್ತೆ. ಆ ಕಿವಿ ನನಗೂ ಬಂತು. ನಾನು ಅದನ್ನು ಬಳಸಿದ್ದು ಬೇರೆ ಕಡೆ.

1984ರಲ್ಲಿ ತಿಪಟೂರಿನಲ್ಲಿ ಕ್ಯಾಸೆಟ್ ಅಂಗಡಿ ಇಟ್ಟೆ. ಬುಧವಾರ, ಶನಿವಾರ ಮಾರುಕಟ್ಟೆಯಲ್ಲಿ ಕೊಬ್ಬರಿ ಹರಾಜು. ಆವತ್ತು ಕ್ವಿಂಟಲ್‌ಗೆ ಎಷ್ಟು ಕೂಗಿದರು ಅನ್ನೋದು ಮಧ್ಯಾಹ್ನದ ಹೊತ್ತಿಗೆ ನನ್ನ ಗಲ್ಲಾಪೆಟ್ಟಿಗೆಗೂ ತಿಳಿಯೋದು. ರೇಟು ಏರಿದ ದಿನ ಹೊಸ ಕ್ಯಾಸೆಟ್ಟು, ಇಳಿದ ದಿನ ಖಾಲಿ ಟೇಪಿಗೆ ಹಾಡು ತುಂಬಿಸಿಕೊಳ್ಳೋ ಗಿರಾಕಿ. ಆ ತುಂಬಿಸೋ ಕೆಲಸ ಕಾನೂನಿನ ಪ್ರಕಾರ ಕಳ್ಳತನವೇ. ಈಗ ಒಪ್ಪಿಕೊಳ್ಳೋದಕ್ಕೆ ನಾಚಿಕೆ ಏನಿಲ್ಲ, ಊರೂರಲ್ಲೂ ಅದೇ ನಡೀತಿತ್ತು.

ಮೈಸೂರು ಅನಂತಸ್ವಾಮಿಯವರ ‘ನಿತ್ಯೋತ್ಸವ’ ಕ್ಯಾಸೆಟ್ಟು 1978ರಲ್ಲೇ ಬಂದಿತ್ತು. ನಾನು ಅಂಗಡಿ ತೆರೆದ ಮೇಲೂ ಕೇಳಿಕೊಂಡು ಬರೋರು. ಗಾಯಕ ಸಿ. ಅಶ್ವತ್ಥರ ದನಿಯ ಶಿಶುನಾಳ ಶರೀಫರ ಪದಗಳಂತೂ ತೋಟದ ಪಂಪ್‌ಹೌಸಿನಿಂದ ಹಿಡಿದು ಮದುವೆಮನೆ ಚಪ್ಪರದವರೆಗೆ. ತುರುವೇಕೆರೆ ಕಡೆಯವರು ಅಶ್ವತ್ಥರನ್ನು ನಮ್ಮ ಪಕ್ಕದ ಚನ್ನರಾಯಪಟ್ಟಣದವರು ಅಂತ ನೆಂಟರ ಹಾಗೆ ಮಾತಾಡೋರು. ತುರುವೇಕೆರೆಯ ಮೇಷ್ಟ್ರೊಬ್ಬರು ಇನ್ನೂ ಒಂದು ಹೆಜ್ಜೆ ಮುಂದೆ. ‘ಇಂಗ್ಲಿಷ್ ಗೀತಗಳು’ ಬರೆದ ಬಿಎಂಶ್ರೀ ಹುಟ್ಟಿದ್ದು ನಮ್ಮ ತಾಲ್ಲೂಕಿನ ಸಂಪಿಗೆಯಲ್ಲಿ, ಹಾಗಾಗಿ ನಿನ್ನ ಅಂಗಡಿಯ ಭಾವಗೀತೆಗೆಲ್ಲ ನಮಗೇ ರಾಯಧನ ಬರಬೇಕು ಅನ್ನೋರು. ಕೊಡದೇ ಇದ್ದರೂ ಒಂದು ಕಾಫಿ ಕುಡಿಸದೆ ಕಳಿಸುವಂತಿರಲಿಲ್ಲ.

ಒಂದೇ ಹಾಡನ್ನು ದಿನಕ್ಕೆ ಹತ್ತು ಸಲ ತುಂಬಿಸಿದರೆ ಹಾಡಿನ ಹಿಂದಿರುವುದು ಕೇಳಿಸೋಕೆ ಶುರುವಾಗುತ್ತೆ. ಚರಣಕ್ಕೆ ಮುಂಚೆ ಗಾಯಕ ಎಳೆದುಕೊಳ್ಳೋ ಉಸಿರು, ಹಾರ್ಮೋನಿಯಂ ತಿದಿಯ ಸಣ್ಣ ನಿಟ್ಟುಸಿರು, ಯಾರೋ ಹಾಳೆ ತಿರುವಿದ್ದು. ಆ ಕೋಣೆಯಲ್ಲಿ ಇನ್ನೂ ಯಾರು ಯಾರಿದ್ದರು? ಕ್ಯಾಸೆಟ್ಟಿನ ಕಾಗದ ತೆಗೆದು ನೋಡಿದರೆ ಕವಿ, ಸಂಗೀತ, ಗಾಯಕರು. ತಬಲಾದವನ ಹೆಸರು, ಕೊಳಲಿನವನ ಹೆಸರು ಅಪರೂಪ. ಗುಂಡಿ ತಿರುವಿದ ಇಂಜಿನಿಯರ್ ಹೆಸರು ನನ್ನ ಕಣ್ಣಿಗಂತೂ ಬಿದ್ದದ್ದೇ ಕಡಿಮೆ.

1998ರಲ್ಲಿ ಕೇರಳದಲ್ಲಿ ಕಾಣಿಸಿಕೊಂಡ ತೆಂಗಿನ ನುಸಿ ಒಂದೆರಡು ವರ್ಷದಲ್ಲೇ ನಮ್ಮ ತೋಟಕ್ಕೂ ಬಂತು. ಕಾಯಿ ಸೀಳುಸೀಳಾಗಿ, ಗಾತ್ರ ಸಣ್ಣದಾಯ್ತು. ಅದೇ ಹೊತ್ತಿಗೆ ನೂರಿಪ್ಪತ್ತು ಹಾಡಿನ ಎಂಪಿತ್ರೀ ಸೀಡಿ ಬಸ್‌ಸ್ಟ್ಯಾಂಡಿನ ತಳ್ಳುಗಾಡಿಗೆ ಬಂತು. ಎರಡೂ ಕಡೆಯಿಂದ ಪೆಟ್ಟು ಬಿದ್ದ ಮೇಲೆ 2006ರಲ್ಲಿ ಬಾಗಿಲು ಹಾಕಿದೆ. ಉಳಿದ ಸರಕು ಎಂಟು ರಟ್ಟಿನ ಡಬ್ಬ, ಅಟ್ಟಕ್ಕೆ ಹೋಯ್ತು, ಕಾಯಿ ಪಕ್ಕಕ್ಕೆ.

2009ರ ಡಿಸೆಂಬರ್ 29, ಅಶ್ವತ್ಥರ ಎಪ್ಪತ್ತನೇ ಹುಟ್ಟುಹಬ್ಬ. ಅವತ್ತೇ ತೀರಿಕೊಂಡರು. ಆ ವಾರ ಅಟ್ಟ ಹತ್ತಿದೆ. ಅವರ ಜೀವನಚರಿತ್ರೆ ಬರೆಯೋರು ಬೇಕಾದಷ್ಟು ಜನ, ನಾನು ಆ ಹಾಡುಗಳು ಧ್ವನಿಮುದ್ರಣವಾದ ದಿನಗಳ ಬಗ್ಗೆ ಒಂದು ಪುಸ್ತಕ ಮಾಡುತ್ತೇನೆ ಅಂತ ಮನೆಯಲ್ಲಿ ಹೇಳಿದೆ. ಹೆಂಡತಿ ಡಬ್ಬ ಒರೆಸೋಕೆ ಬಟ್ಟೆ ಕೊಟ್ಟಳು.

ಧೂಳು ಕೆಂಪಗಿತ್ತು. ಚಿಕ್ಕನಾಯಕನಹಳ್ಳಿಯ ಅದಿರು ಲಾರಿಗಳು ಇನ್ನೂ ಓಡುತ್ತಿದ್ದ ಕಾಲ, ಸುಪ್ರೀಂ ಕೋರ್ಟ್ ಗಣಿ ನಿಲ್ಲಿಸಿದ್ದು 2011ರಲ್ಲಿ. ಟೇಪಿನ ಮೇಲಿರೋ ಕಂದು ಲೇಪವೂ ಕಬ್ಬಿಣದ ತುಕ್ಕಿನ ಜಾತಿಯದೇ. ಒಂದೇ ಕುಲದವು ಒಂದೇ ಡಬ್ಬದಲ್ಲಿ. ಕೆಲವು ಟೇಪುಗಳಿಗೆ ಬೂಷ್ಟು, ಕೆಲವು ಹೆಂಚಿನ ಕಾವಿಗೆ ಸುರುಟಿದ್ದವು. ಕೊಬ್ಬರಿಗೆ ಒಳ್ಳೇದಾದ ಅಟ್ಟ ಹಾಡಿಗೆ ಒಳ್ಳೇದಲ್ಲ.

ಬೆಂಗಳೂರಿಗೆ ತಿರುಗಾಡಿದೆ. ಸಿನಿಮಾ ಹಾಡಿಗೆ ಮದರಾಸಿಗೆ ಓಡುತ್ತಿದ್ದ ಕಾಲ, ಎಂಬತ್ತರ ದಶಕದಲ್ಲಿ ಶಂಕರ್‌ನಾಗ್ ಸಹೋದರರು ಸಂಕೇತ್ ಸ್ಟುಡಿಯೊ ಕಟ್ಟಿದ್ದು, ಇವನ್ನೆಲ್ಲ ಹೇಳೋರು ಸಿಕ್ಕರು. ಐಟಿಐ ನೌಕರಿಯಲ್ಲಿದ್ದುಕೊಂಡೇ ‘ಕಾಕನಕೋಟೆ’ ಸಿನಿಮಾಕ್ಕೆ ಸಂಗೀತ ಕೊಟ್ಟ ಅಶ್ವತ್ಥರ ಬಗ್ಗೆಯೂ ಎಲ್ಲರ ಹತ್ತಿರ ಒಂದೊಂದು ಕತೆ. ಆದರೆ ಯಾವ ತಾರೀಕು, ಎಷ್ಟನೇ ಟೇಕು ಅಂದರೆ ನಗೋರು. ಹಳೇ ವಾದ್ಯಗಾರರು ಬಣ್ಣಿಸಿದ್ದು ಮಾತ್ರ ಒಂದೇ ತರ: ಎಲ್ಲರೂ ಒಂದೇ ಕೋಣೆಯಲ್ಲಿ, ಫ್ಯಾನು ಬಂದ್, ಕೊನೇ ಸಾಲಲ್ಲಿ ಒಬ್ಬ ಕೆಮ್ಮಿದರೂ ಪಲ್ಲವಿಯಿಂದ ಮತ್ತೆ. ಆಮೇಲೆ ಟ್ರ್ಯಾಕ್ ಬಂತು, ಲಯ ಬೆಳಿಗ್ಗೆ, ಹಾಡು ಸಂಜೆ. ಕಂಪ್ಯೂಟರ್ ಬಂದ ಮೇಲೆ ತಬಲಾದವನಿಗೂ ಗಾಯಕನಿಗೂ ಮುಖಪರಿಚಯವೇ ಬೇಡ. ತಪ್ಪು ಸರಿಮಾಡೋದು ಸುಲಭವಾಯ್ತು, ನಿಜ. ಆದರೆ ಗಾಯಕ ಒಂದು ಕ್ಷಣ ತಡೆದಾಗ ತಬಲಾವೂ ಜೊತೆಗೆ ತಡೆಯುತ್ತಿತ್ತಲ್ಲ, ನನಗೆ ಬೇಕಾದ ಪುಸ್ತಕ ಅಲ್ಲಿತ್ತು.

ಇನ್ನೂರು ಪುಟ ಟಿಪ್ಪಣಿ ಆಗಿದೆ, ಪುಸ್ತಕ ಆಗಿಲ್ಲ.

ಹೋದ ಸಲ ಒಬ್ಬ ಮುದಿ ತಬಲಾ ವಾದಕರ ಮನೆಗೆ ಪ್ಲೇಯರ್ ಹೊತ್ತುಕೊಂಡು ಹೋಗಿದ್ದೆ. ಕಾಗದದಲ್ಲಿ ವಾದ್ಯದವರ ಹೆಸರಿಲ್ಲದ ಒಂದು ಹಾಡು ಹಾಕಿದೆ. ಕಣ್ಣು ಮುಚ್ಚಿ ಕೇಳಿದರು. ಬೆರಳು ತೊಡೆಯ ಮೇಲೆ ಆಡಿತು, ಆಮೇಲೆ ನಿಂತಿತು. ನಿಮ್ಮದೇನಾ ಸಾರ್ ಅಂದೆ. ನನ್ನದಲ್ಲ, ಇದು ನನ್ನ ತಮ್ಮನ ಕೈ ಅಂದರು. ಇನ್ನೊಂದು ಸಲ ಹಾಕು ಅಂದರು. ಹಾಕಿದೆ.