ಕದ್ರಿಯವರ ಜಾಜ್ ಆಲ್ಬಂ: ಎರಡನೇ ಸಲ ಕೇಳಿದ ಮೇಲೆ

ನಾವು ಚಿಕ್ಕಂದಿನಿಂದ ಕದ್ರಿ ಗೋಪಾಲನಾಥರ ಅಭಿಮಾನಿಗಳು. ನಾಗಸ್ವರ ನುಡಿಸುವವರ ಮಗ, ವಿದೇಶಿ ಸ್ಯಾಕ್ಸೋಫೋನಿನಲ್ಲಿ ಗಮಕ ತಂದವರು. ಅವರ 2008ರ ‘ಕಿನ್ಸ್‌ಮೆನ್’ ಆಲ್ಬಂ ಅನ್ನು ಚನ್ನಪಟ್ಟಣದಲ್ಲಿ ಬಸ್ ಹತ್ತಿದ ಮೇಲೆ ಮೊದಲ ಸಲ ಕೇಳಿದೆವು. ಗಿಟಾರು, ಡ್ರಮ್ಸು, ಜೊತೆಗೆ ಅಮೆರಿಕದ ರುದ್ರೇಶ್ ಮಹಾಂತಪ್ಪರ ಜಾಜ್ ಸ್ಯಾಕ್ಸೋಫೋನ್. ಬರೀ ಗದ್ದಲ ಅನ್ನಿಸಿ, ರಾಮನಗರ ಬರುವಷ್ಟರಲ್ಲಿ ನಿಲ್ಲಿಸಿಬಿಟ್ಟೆವು.

2019ರ ಅಕ್ಟೋಬರ್ 11ರಂದು ಕದ್ರಿಯವರು ತೀರಿಕೊಂಡರು. ಆ ರಾತ್ರಿ ಅದನ್ನೇ ಮತ್ತೆ ಹಾಕಿದೆವು. ಎರಡು ಸ್ಯಾಕ್ಸೋಫೋನುಗಳಲ್ಲಿ ಅವರದ್ದು ಯಾವುದು ಅಂತ ಯಾರೂ ಹೇಳಬೇಕಾಗಲಿಲ್ಲ. ಅದೇ ಗಮಕ, ಪಕ್ಕದಲ್ಲಿ ಅದೇ ಕನ್ಯಾಕುಮಾರಿಯವರ ಪಿಟೀಲು. ಅವರು ಬದಲಾಗಿರಲಿಲ್ಲ, ನಾವೇ ಆತುರಪಟ್ಟಿದ್ದೆವು.

ಕೆಲವು ಕಡೆ ಈಗಲೂ ಎಳೆದಂತೆ ಅನ್ನಿಸುತ್ತದೆ, ಸುಳ್ಳು ಹೇಳಲ್ಲ. ಆದರೂ ಕೇಳಿ. ಎರಡು ಸಲ ಕೇಳಿ.