ಬರಲಿರುವ ಹಿಮದ ಲೆಕ್ಕ

ಡಿಸೆಂಬರ್ ಹುಟ್ಟಿತೆಂದರೆ ನನ್ನ ಕಣ್ಣು ಮೆಡಿಟರೇನಿಯನ್ ಸಮುದ್ರದ ಮೇಲೆ. ಇರುವುದು ಬೆಂಗಳೂರಿನಲ್ಲಿ, ಸ್ಕೀ ಕಟ್ಟಿಕೊಂಡು ಹೋಗಬೇಕಾದದ್ದು ಕಾಶ್ಮೀರದ ಗುಲ್ಮಾರ್ಗಿಗೆ. ಆದರೆ ಗುಲ್ಮಾರ್ಗಿನ ಹಿಮದ ಕತೆ ಶುರುವಾಗುವುದು ಅಷ್ಟು ದೂರದಲ್ಲಿ. ಅಲ್ಲೆಲ್ಲೋ ಎದ್ದ ವಾಯುಭಾರ ಕುಸಿತವೊಂದು ಪಡುವಣದ ಜೆಟ್ ಗಾಳಿಯ ಜೊತೆ ಹೊರಟು, ಇರಾನ್, ಅಫ್ಘಾನಿಸ್ತಾನ ದಾಟಿ, ಕೆಲವು ದಿನಗಳಲ್ಲಿ ಪೀರ್ ಪಂಜಾಲ್ ಬೆಟ್ಟಸಾಲಿಗೆ ಬಂದು ತಾಗುತ್ತದೆ. ಹವಾಮಾನ ಇಲಾಖೆಯ ಭಾಷೆಯಲ್ಲಿ ಅದು ವೆಸ್ಟರ್ನ್ ಡಿಸ್ಟರ್ಬೆನ್ಸ್. ಉಪಗ್ರಹ ಚಿತ್ರಗಳಲ್ಲಿ ದಿನವೂ ಅದರ ಬೆನ್ನುಹತ್ತಿ ಹೋಗುವುದು, ಬಡಗಣಕ್ಕೆ ಜಾರಿ ಹೋದೀತೇ, ನೇರ ನಮ್ಮ ಬೆಟ್ಟಕ್ಕೇ ಬಂದೀತೇ ಎಂದು ಅಂದಾಜು ಕಟ್ಟುವುದು ನನಗೆ ಸ್ಕೀಯಿಂಗಿನಷ್ಟೇ ಪ್ರೀತಿಯ ಕೆಲಸ.

ಮಲೆನಾಡಿನಲ್ಲಿ ಬೆಳೆದವರಿಗೆ ಈ ವಿದ್ಯೆಯ ಅರ್ಧ ಪಾಠ ಆಗಿಯೇ ಇರುತ್ತದೆ. ಒದ್ದೆ ಗಾಳಿ ಬೆಟ್ಟಕ್ಕೆ ಎದುರಾಗಿ, ಮೇಲೇರಿ, ತಣಿದು ಸುರಿಯುವುದು ಆಗುಂಬೆಯಲ್ಲೂ ಅದೇ, ಗುಲ್ಮಾರ್ಗಿನ ನೆತ್ತಿಯ ಅಫರ್ವಾಟ್‌ನಲ್ಲೂ ಅದೇ. ಬರುವ ವ್ಯವಸ್ಥೆ ಬಲವಾಗಿದ್ದರೆ ಅರಬ್ಬಿ ಸಮುದ್ರದ ತೇವವನ್ನೂ ಸೆಳೆದುಕೊಳ್ಳುತ್ತದೆ. ನಮ್ಮ ಮುಂಗಾರಿಗೆ ನೀರು ಕೊಟ್ಟ ಕಡಲೇ ಜನವರಿಯಲ್ಲಿ ಅಲ್ಲಿ ಹಿಮವಾಗಿ ಇಳಿಯುತ್ತದೆ ಎಂಬುದು ನನಗೆ ಎಷ್ಟು ಸಲ ನೆನೆದರೂ ಹಿತ.

ಎಷ್ಟು ಸೆಂಟಿಮೀಟರ್ ಬೀಳುತ್ತದೆ ಎಂದು ಎಲ್ಲರೂ ಕೇಳುತ್ತಾರೆ. ಎಂಥ ಹಿಮ ಬೀಳುತ್ತದೆ ಎಂಬುದೇ ನನಗೆ ಮುಖ್ಯ. ಮೊಬೈಲ್ ಆ್ಯಪ್ ಕೊಡುವ ಒಂಟಿ ಸಂಖ್ಯೆಯನ್ನು ನಾನು ನಂಬುವುದಿಲ್ಲ. ಅದರ ಹಿಂದಿರುವ ಜಾಗತಿಕ ಮಾದರಿಗಳು ಭೂಮಿಯನ್ನು ಸುಮಾರು 10 ಕಿಲೋಮೀಟರಿನ ಚೌಕಗಳಾಗಿ ಮಾಡಿ ನೋಡುತ್ತವೆ. ಹುಲ್ಲುಗಾವಲೂ ಶಿಖರವೂ ಅಲ್ಲಿ ಒಂದೇ ಚೌಕಕ್ಕೆ ಸೇರಿಬಿಡಬಹುದು. ನಾನು ಮೊದಲು ತೆರೆಯುವುದು 700 ಹೆಕ್ಟೊಪ್ಯಾಸ್ಕಲ್ ನಕ್ಷೆ. ಸುಮಾರು 3,000 ಮೀಟರ್ ಎತ್ತರದ ಗಾಳಿಯ ಸುದ್ದಿ ಅದರಲ್ಲಿರುತ್ತದೆ. ಗುಲ್ಮಾರ್ಗಿನ ಕೇಬಲ್ ಕಾರು ಗೊಂಡೊಲಾದ ನಡು ನಿಲ್ದಾಣ ಕೊಂಗ್ಡೂರಿ ಇರುವುದೂ ಹೆಚ್ಚುಕಡಿಮೆ ಅಷ್ಟೇ ಎತ್ತರದಲ್ಲಿ. ಮೇಲಿನ ನಿಲ್ದಾಣ ಇನ್ನೂ ಸುಮಾರು 900 ಮೀಟರ್ ಮೇಲೆ, ಅಂದರೆ ಐದಾರು ಡಿಗ್ರಿ ಹೆಚ್ಚು ಚಳಿ. ಆಮೇಲೆ ಮೋಡದ ಉಷ್ಣಾಂಶ ನೋಡುತ್ತೇನೆ. ಮೈನಸ್ 15 ಡಿಗ್ರಿಯ ಆಸುಪಾಸಿನಲ್ಲಿ ಹಿಮದ ಹರಳು ಕವಲೊಡೆದು ನಕ್ಷತ್ರದಂತೆ ಅರಳುತ್ತದೆ, ತನ್ನೊಳಗೆ ಗಾಳಿಯನ್ನು ತುಂಬಿಕೊಳ್ಳುತ್ತದೆ. ಒಂದು ಸೆಂಟಿಮೀಟರ್ ನೀರು ಸಾಧಾರಣವಾಗಿ ಹತ್ತು ಸೆಂಟಿಮೀಟರ್ ಹಿಮವಾದರೆ, ಇಂಥ ಹರಳು ಬಿದ್ದಾಗ ಹದಿನೈದು, ಇಪ್ಪತ್ತೂ ಆಗಬಹುದು.

ಬೀಳುವ ಕ್ರಮವೂ ಮುಖ್ಯ. ಮೊದಲು ಬೆಚ್ಚಗಿನ ಭಾರದ ಹಿಮ, ಕೊನೆಗೆ ಚಳಿಯ ಹಗುರ ಹಿಮ ಬಿದ್ದರೆ ಸ್ಕೀ ತೇಲುತ್ತದೆ. ಅದೇ ತಿರುವುಮುರುವಾದರೆ, ಮೇಲೆ ಗಟ್ಟಿ, ಕೆಳಗೆ ಮೆದು. ಜಾರುವವರಿಗೆ ಅದು ಹಿಂಸೆ, ಇಳಿಜಾರಿನಲ್ಲಿ ಹಿಮ ಕುಸಿಯುವ ಅಪಾಯ.

ಗಾಳಿಯ ಲೆಕ್ಕ ಇದಕ್ಕಿಂತ ಕಷ್ಟ. ಪಡುವಣದ ಗಾಳಿ ಬೆಟ್ಟದ ಆಚೆಯ ಹಿಮವನ್ನು ಕೆರೆದು ತಂದು ಈಚೆಯ ಮರೆಯಲ್ಲಿ ಹೇರುತ್ತದೆ. ಮೋಡ ಸುರಿಸುವುದಕ್ಕಿಂತ ಹಲವು ಪಟ್ಟು ವೇಗದಲ್ಲಿ, ಬಿಸಿಲಿರುವಾಗಲೂ. ಜನ ಇಳಿಯಲು ಆಸೆಪಡುವ, ಬಟ್ಟಲಿನಂಥ ಇಳಿಜಾರುಗಳು ಇರುವುದೂ ಆ ಮರೆಯಲ್ಲೇ.

ಹೇರಿದ್ದು ಯಾವುದರ ಮೇಲೆ ಕೂತಿದೆ ಎಂಬುದನ್ನು ಮುಂದಿನ ವಾರದ ಮುನ್ಸೂಚನೆ ಹೇಳುವುದಿಲ್ಲ, ಹಿಂದಿನ ತಿಂಗಳುಗಳ ನೆನಪು ಹೇಳುತ್ತದೆ. ಡಿಸೆಂಬರ್ 21ರಿಂದ ನಲವತ್ತು ದಿನದ ಕಡುಚಳಿಯನ್ನು ಕಾಶ್ಮೀರಿಗಳು ಚಿಲ್ಲೈ ಕಲಾನ್ ಎನ್ನುತ್ತಾರೆ. ಆಗ ತೆಳ್ಳಗೆ ಬಿದ್ದ ಹಿಮ ತಿಳಿಯಾಕಾಶದ ರಾತ್ರಿಗಳಲ್ಲಿ ಒಳಗೊಳಗೇ ರೂಪಾಂತರಗೊಂಡು, ಹಿಡಿತವಿಲ್ಲದ ಸಕ್ಕರೆ ಹರಳಿನಂತೆ ಉದುರುದುರಾಗುತ್ತದೆ. ಮೇಲೆ ಭಾರ ಬಿದ್ದಾಗ ಕುಸಿಯುವುದು ಈ ಪದರ. 2024ರ ಜನವರಿಯಲ್ಲಿ ಗುಲ್ಮಾರ್ಗ್ ಬಹುಪಾಲು ಬೋಳಾಗಿತ್ತು. ಹಿಮ ಬಂದದ್ದು ತಿಂಗಳ ಕೊನೆಯಿಂದ. ಫೆಬ್ರವರಿಯ ಭಾರೀ ಹಿಮದ ಬೆನ್ನಿಗೇ, 22ರಂದು, ಅಫರ್ವಾಟ್‌ನಲ್ಲಿ ಹಿಮಕುಸಿತಕ್ಕೆ ಸಿಕ್ಕಿ ರಷ್ಯಾದ ಸ್ಕೀಯರ್ ಒಬ್ಬರು ತೀರಿಕೊಂಡರು. ಅಂದಿನಿಂದ ಒಣ ಡಿಸೆಂಬರ್ ಕಂಡರೆ ನಾನು ಅದನ್ನು ನೋಟ್‌ಬುಕ್ಕಿನಲ್ಲಿ ಕೆಂಪು ಶಾಯಿಯಲ್ಲೇ ಬರೆಯುತ್ತೇನೆ.

ಡಿಆರ್‌ಡಿಒದ ಡಿಜಿಆರ್‌ಇ ಸಂಸ್ಥೆ ಜಿಲ್ಲಾವಾರು ಹಿಮಕುಸಿತದ ಎಚ್ಚರಿಕೆ ಕೊಡುತ್ತದೆ. ನಾನು ಅದನ್ನು ತಪ್ಪದೆ ಓದುತ್ತೇನೆ. ಆದರೆ ಜಿಲ್ಲೆಯ ಮಾತು ಒಂದು ಇಳಿಜಾರಿನ ಮಾತಲ್ಲ. ಮಿಕ್ಕದ್ದನ್ನು ಅಲ್ಲೇ ನಿಂತು ಓದಬೇಕು: ಶಿಖರದ ಅಂಚಿನಿಂದ ಹಿಮದ ಧೂಳು ಹಾರುತ್ತಿದೆಯೇ, ಕಾಲಿಟ್ಟಲ್ಲಿ ಧಪ್ಪೆಂದು ನೆಲ ಕೂತಂತೆ ಸದ್ದಾಗುತ್ತಿದೆಯೇ, ರಾತ್ರಿ ಎಲ್ಲಾದರೂ ತಾನಾಗಿಯೇ ಕುಸಿದಿದೆಯೇ.

ಬಿರುಗಾಳಿ ಮುಗಿದು ಮೊದಲ ನೀಲಿ ಬೆಳಗು ಬಂದಾಗ ಗೊಂಡೊಲಾ ಮುಂದೆ ಜನವೋ ಜನ. ಎಲ್ಲರೂ ಕಾದದ್ದು ಅದಕ್ಕೇ, ಅತಿ ಹೆಚ್ಚು ಅಪಾಯವೂ ಆಗಲೇ. ಚಪ್ಪಡಿಯಾಗಿ ಜಾರುವ ಹಿಮ ಹೆಚ್ಚಾಗಿ 30ರಿಂದ 45 ಡಿಗ್ರಿಯ ಇಳಿಜಾರುಗಳದು. ಹಾಗಾಗಿ ಆ ದಿನ ನಾನು ಕೊಂಗ್ಡೂರಿಯ ಕೆಳಗೆ, ಗಾಳಿ ಮುಟ್ಟದ ಮರಗಳ ನಡುವೆ, ಮೇಲೆ ಕಡಿದಾದ ಬಟ್ಟಲಿಲ್ಲದ ಜಾಗ ನೋಡಿ, ಕಡಿಮೆ ಓರೆಯಲ್ಲಿ ಇಳಿಯುತ್ತೇನೆ. ಮೊಣಕಾಲಿನವರೆಗೆ ಹುಡಿಹಿಮ, ಬೆಂಗಳೂರಿನಲ್ಲಿ ಕೂತು ಬರೆದುಕೊಂಡಷ್ಟೇ ಹಗುರ. ಮೇಲಿನ ಬಟ್ಟಲುಗಳಿಗೆ ಹೋಗುವುದು ಮತ್ತೆ ಗುಂಡಿ ತೋಡಿ, ಪದರಗಳನ್ನು ಸಲಿಕೆಯಿಂದ ತಟ್ಟಿ ನೋಡಿದ ಮೇಲೆ.