ಶನಿವಾರ ಸಂಜೆಯ ಊರುಗಳು



ಮುಂಬಯಿಯಲ್ಲಿ ದುಡ್ಡು ಕೊಟ್ಟರೆ ಸಿಗದ ವಸ್ತುವಿಲ್ಲ, ಪುರುಸೊತ್ತು ಒಂದನ್ನು ಬಿಟ್ಟು ಎಂದು ನಮ್ಮ ಹಿರಿಯರು ಹೇಳುವುದುಂಟು. ಥಾಣೆ, ಡೊಂಬಿವಲಿ, ಕಲ್ಯಾಣ್, ನವಿಮುಂಬಯಿಗಳಲ್ಲಿ ಹುಟ್ಟಿ ಬೆಳೆದ ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಡೊಂಬಿವಲಿಯಿಂದ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ಸಿಗೆ ಸುಮಾರು 48 ಕಿಲೋಮೀಟರು. ಹೋಗಿ ಬರಲು ದಿನಕ್ಕೆ ಎರಡೂವರೆ ಗಂಟೆ ಎಂದು ಹಿಡಿಯಿರಿ. ವರ್ಷಕ್ಕೆ 300 ದಿನ ಕೆಲಸವೆಂದರೆ 750 ಗಂಟೆಯಾಯಿತು. ಅಂದರೆ ಹಗಲೂ ರಾತ್ರಿಯೂ ಸೇರಿ 31 ದಿನ. ವರ್ಷದಲ್ಲಿ ಇಡೀ ಒಂದು ತಿಂಗಳನ್ನು ನಾವು ಲೋಕಲ್ ಗಾಡಿಗೇ ಕೊಟ್ಟುಬಿಟ್ಟಿದ್ದೇವೆ! ಹಾಗಾದರೆ ದೇವರಿಗೆಷ್ಟು? ಬಂಧುಗಳಿಗೆಷ್ಟು? ಸ್ನೇಹಿತರಿಗೆಷ್ಟು? ಈ ಪ್ರಶ್ನೆಯನ್ನು ಜೋಳಿಗೆಯಲ್ಲಿ ಹಾಕಿಕೊಂಡು ನಮ್ಮದೇ ಊರುಗಳಲ್ಲಿ ಒಂದು ಸುತ್ತು ಹೋಗಿಬರೋಣ ಬನ್ನಿ.

ಮೊದಲು ಥಾಣೆ. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಹೊರಟ ದೇಶದ ಮೊದಲ ಪ್ರಯಾಣಿಕರ ರೈಲು ಬಂದು ನಿಂತದ್ದು ಇಲ್ಲಿ. ಹದಿನಾಲ್ಕು ಡಬ್ಬಿಗಳು, ಮೂರು ಇಂಜಿನುಗಳು, 34 ಕಿಲೋಮೀಟರು, 57 ನಿಮಿಷ. ಎಲ್ಲ ನಿಲ್ದಾಣಗಳಲ್ಲೂ ನಿಲ್ಲುವ ಇಂದಿನ ಸ್ಲೋ ಲೋಕಲ್ಲಿಗೂ ಹೆಚ್ಚುಕಡಿಮೆ ಅಷ್ಟೇ ಹೊತ್ತು ಬೇಕು. ಯಂತ್ರ ಎಷ್ಟು ಓಡಿದರೂ ಮನುಷ್ಯನ ಕೈಯಲ್ಲಿ ಉಳಿಯುವ ಸಮಯ ತಾನಾಗಿ ಬೆಳೆಯುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಥಾಣೆಯ ಪಶ್ಚಿಮದ ಬೆಟ್ಟಕಾಡನ್ನು ನೀವು ನಿತ್ಯ ನೋಡುತ್ತೀರಿ. ಆ ಕಾಡಿನ ಆಚೆ ಮಗ್ಗುಲಲ್ಲಿ ಕಾನ್ಹೇರಿ ಗುಹೆಗಳಿವೆ. ಅಲ್ಲಿನ ಒಂಬತ್ತನೆಯ ಶತಮಾನದ ಶಾಸನಗಳಲ್ಲಿ ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷನ ಹೆಸರಿದೆ. ಕನ್ನಡದ 'ಕವಿರಾಜಮಾರ್ಗ' ಹುಟ್ಟಿದ್ದು ಅದೇ ಅರಸನ ಆಸ್ಥಾನದಲ್ಲಿ. ನಾವು ಈ ನೆಲಕ್ಕೆ ನಿನ್ನೆ ಮೊನ್ನೆ ಬಂದ ಪರಕೀಯರು ಎಂದುಕೊಳ್ಳುವವರು ಒಮ್ಮೆ ಅಲ್ಲಿಗೆ ಹೋಗಿಬರಬೇಕು. ಅದಕ್ಕೂ ಹಳೆಯ ಶಾಸನಗಳಲ್ಲಿ ಕಲ್ಯಾಣದ ವ್ಯಾಪಾರಿಗಳು ಕೊಟ್ಟ ದಾನಗಳ ದಾಖಲೆಯಿದೆ. ಕಲ್ಯಾಣ್ ಆಗ ದೊಡ್ಡ ಬಂದರು. ಆ ವ್ಯಾಪಾರಿಗಳಿಗೂ ಪುರುಸೊತ್ತು ಇದ್ದಿರಲಾರದು. ಅಂದಿನ ದಾನಗಳಲ್ಲಿ ಒಂದು ಒಳ್ಳೆಯ ಕ್ರಮವಿತ್ತು. ಮೂಲಧನವನ್ನು ಮೊದಲೇ ತೆಗೆದಿಡುವುದು, ಅದನ್ನು ಯಾರೂ ಮುಟ್ಟದೆ ಬಡ್ಡಿಯಿಂದ ಭಿಕ್ಷುಗಳ ಬಟ್ಟೆಬರೆ ನಡೆಸುವುದು. ಶಾಸನಗಳಲ್ಲಿ ಇದಕ್ಕೆ ಅಕ್ಷಯನೀವಿ ಎಂದು ಹೆಸರು. ಖರ್ಚು ಕಳೆದು ಉಳಿದರೆ ಕೊಡೋಣ ಎಂದಿದ್ದರೆ ಅವರೂ ಕೊಡುತ್ತಿರಲಿಲ್ಲ. ಈ ಒಂದು ಮಾತನ್ನು ನೆನಪಿನಲ್ಲಿಟ್ಟುಕೊಂಡು ಮುಂದಿನ ಗಾಡಿ ಹತ್ತೋಣ.

ಡೊಂಬಿವಲಿಯ ಗಾಡಿಗಳಲ್ಲಿ ಭಜನೆಯ ತಂಡಗಳನ್ನು ನೀವು ಕಂಡಿರಬಹುದು. ಗುಂಪಿನವರು ದಿನವೂ ಅದೇ ಗಾಡಿಯ ಅದೇ ಡಬ್ಬಿಯಲ್ಲಿ ಸೇರುತ್ತಾರೆ. ಕಾಲಿಡಲೂ ಜಾಗವಿಲ್ಲದ ಕಡೆ ತಾಳ ಹಿಡಿದು ವಿಠಲನನ್ನು ನೆನೆಯುತ್ತಾರೆ. ದಸರಾ ಬಂತೆಂದರೆ ಡಬ್ಬಿಗೆ ಹೂಮಾಲೆ, ದೇವಿಯ ಪಟ, ಪೂಜೆ, ಸಿಹಿ ಹಂಚಿಕೆ. ಲೋಕಲ್ಲಿಗೆ ಕೊಟ್ಟುಬಿಟ್ಟ ಆ ಒಂದು ತಿಂಗಳನ್ನೇ ಈ ಜನ ದೇವರಿಗೂ ಗೆಳೆತನಕ್ಕೂ ತಿರುಗಿ ಪಡೆದಿದ್ದಾರೆ ನೋಡಿ! ಹಾಗೆಯೇ ದೀಪಾವಳಿಯ ಮುಂಜಾನೆ ಫಡ್ಕೆ ರಸ್ತೆಗೆ ಹೋಗಿ. ಗಣೇಶ ಮಂದಿರದಲ್ಲಿ ಕೈಮುಗಿದು, ಹೊಸ ಬಟ್ಟೆ ತೊಟ್ಟ ತರುಣ ತರುಣಿಯರು ಹಳೆಯ ಗೆಳೆಯರನ್ನು ಹುಡುಕಿ ಮಾತಾಡಿಸುವುದನ್ನು ಕಾಣುವಿರಿ. ಯಾರೂ ಯಾರಿಗೂ ಆಮಂತ್ರಣ ಕಳುಹಿಸುವುದಿಲ್ಲ. ದಿನ, ಜಾಗ ಎರಡೂ ಗೊತ್ತಿರುವುದರಿಂದ ಎಲ್ಲರೂ ಬರುತ್ತಾರೆ.

ನಮ್ಮ ತುಳು ಕನ್ನಡಿಗರು ಮಾಡಿದ್ದೂ ಇದನ್ನೇ. ಊರಿನಿಂದ ಬರಿಗೈಯಲ್ಲಿ ಬಂದ ಹುಡುಗರು ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿಶಾಲೆಗಳಲ್ಲಿ ಕಲಿತರು. ಅವರಿಗೆ ಪುರುಸೊತ್ತು ಎಲ್ಲಿಂದ ಬರಬೇಕು? ಆದರೂ ಶನಿವಾರದ ಸಂಜೆಯೊಂದನ್ನು ಗಂಟು ಹಾಕಿ ತೆಗೆದಿಟ್ಟರು. ಚಾಳಿನ ಕೋಣೆಯಲ್ಲಿ ಚಾಪೆ ಹಾಸಿದರು. ಭಜನೆ, ಶನಿಪೂಜೆ, ಶನಿಗ್ರಂಥ ಪಾರಾಯಣ ನಡೆಸಿದರು. ಒಬ್ಬರು ಪದ್ಯ ಓದುವುದು, ಇನ್ನೊಬ್ಬರು ತಾಳಮದ್ದಳೆಯ ಧಾಟಿಯಲ್ಲಿ ಅರ್ಥ ಹೇಳುವುದು, ಕೊನೆಗೆ ಪ್ರಸಾದ. ಆ ಚಾಪೆಯ ಮೇಲೆಯೇ ಮಕ್ಕಳ ಮದುವೆಯ ಮಾತುಕತೆ ಆಯಿತು, ಊರಿನ ಸುದ್ದಿ ಬಂತು, ಕೆಲಸ ಕಳೆದುಕೊಂಡವನಿಗೆ ಕೆಲಸ ಸಿಕ್ಕಿತು. ನಡುರಾತ್ರಿ ಆಸ್ಪತ್ರೆಗೆ ಓಡಬೇಕಾದಾಗ ಜೊತೆಗೆ ಬಂದವರು, ಕೊನೆಗೆ ಹೆಗಲು ಕೊಟ್ಟವರು ಕೂಡ ಅದೇ ಚಾಪೆಯವರು. ದೇವರಿಗೆ ಬೇರೆ ಹೊತ್ತು, ನೆಂಟರಿಗೆ ಬೇರೆ ಹೊತ್ತು ಎಂದು ಅವರು ಲೆಕ್ಕ ಬರೆಯಲಿಲ್ಲ. ಡೊಂಬಿವಲಿಯ ಕರ್ನಾಟಕ ಸಂಘದ ಮಂಜುನಾಥ ವಿದ್ಯಾಲಯ, ಥಾಣೆಯ ನವೋದಯ ಕನ್ನಡ ಸೇವಾ ಸಂಘದಂತಹ ಸಂಸ್ಥೆಗಳನ್ನು ಕಟ್ಟಿದ್ದೂ ಹೀಗೆ ದುಡಿಮೆಯ ನಡುವೆ ಹೊತ್ತು ತೆಗೆದಿಟ್ಟ ಜನವೇ.

ಕಲ್ಯಾಣ್ ಬಂತು. ಇದು ಬಸವಣ್ಣನವರ ಕಲ್ಯಾಣವಲ್ಲ. ಆದರೆ ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ಕಲಬುರಗಿಯ ಕಡೆಯಿಂದ ಬರುವ ನಮ್ಮವರು ಇಲ್ಲಿಯೇ ಇಳಿಯುತ್ತಾರೆ. ಕಸಾರದ ದಾರಿ, ಕರ್ಜತ್ತಿನ ದಾರಿ ಎರಡೂ ಇಲ್ಲಿಯೇ ಕವಲೊಡೆಯುತ್ತವೆ. ಕರ್ಜತ್ತಿನ ದಾರಿಯಲ್ಲಿ ಸ್ವಲ್ಪವೇ ಮುಂದೆ ಅಂಬರನಾಥ. ಅಲ್ಲಿ ಶಿಲಾಹಾರರ ಕಾಲದ, 1060ರ ಶಾಸನವಿರುವ ಕಲ್ಲಿನ ಶಿವಾಲಯವಿದೆ. ಒಂದು ಭಾನುವಾರ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗಿ. ಗಾಡಿಯಲ್ಲಿ ಅವರು ಹೇಳುವ ಹಳೆಯ ಮಾತುಗಳನ್ನು ಕೇಳಿಸಿಕೊಳ್ಳಿ. ದೇವರ ದರ್ಶನಕ್ಕಿಂತ ಆ ಪುಣ್ಯವೇನೂ ಕಡಿಮೆಯದಲ್ಲ.

ಇನ್ನು ನವಿಮುಂಬಯಿ. ಸಿಡ್ಕೊ ಸಂಸ್ಥೆ 1970ರಲ್ಲಿ ಹುಟ್ಟಿ ಈ ಹೊಸ ನಗರವನ್ನು ಕಟ್ಟಿತು. 1992ರಲ್ಲಿ ವಾಶಿಗೆ ಲೋಕಲ್ ಬಂತು, 2004ರಲ್ಲಿ ಥಾಣೆ ವಾಶಿ ಗಾಡಿ ಬಂತು, 2024ರ ಜನವರಿಯಲ್ಲಿ ಅಟಲ್ ಸೇತು ತೆರೆಯಿತು. ಪ್ರತಿಸಲವೂ ಸಮಯ ಉಳಿಯಿತು ಎಂದು ಸಂತೋಷಪಟ್ಟೆವು. ಉಳಿದ ಸಮಯ ಎಲ್ಲಿ ಹೋಯಿತು? 1998ರಲ್ಲಿ ಕೊಂಕಣ ರೈಲು ಪೂರ್ತಿಯಾದ ಮೇಲೆ ಊರೂ ಹತ್ತಿರವಾಯಿತು. ಹಿಂದೆ ಬಸ್ಸಿನಲ್ಲಿ ಮೈನೋಯಿಸಿಕೊಂಡು ಹೋದವರು ತಿಂಗಳಿದ್ದು ನಾಗದರ್ಶನ, ನೇಮ, ಬಂಧುಬಳಗ ಎಲ್ಲ ಮುಗಿಸಿ ಬರುತ್ತಿದ್ದರು. ಈಗ ಬೆಳಗಾಗುವಾಗ ಇಳಿದು ಮರುದಿನವೇ ಗಾಡಿ ಹತ್ತುವವರಿದ್ದಾರೆ.

ನಿಮ್ಮ ಕಷ್ಟ ನಮಗೆ ತಿಳಿಯದ್ದೇನಲ್ಲ. ಐರೋಲಿ, ಮಹಾಪೆಯ ಕಂಪೆನಿಗಳಲ್ಲಿ ಅಮೇರಿಕದ ಹಗಲೇ ನಿಮ್ಮ ಡ್ಯೂಟಿಯ ರಾತ್ರಿ. ಹಲವರಿಗೆ ಕನ್ನಡ ಮಾತು ಬರುತ್ತದೆ, ಅಕ್ಷರ ಬಾರದು. ಚಾಪೆಯ ಮೇಲೆ ಕುಳಿತರೆ ಅರ್ಥವಾಗದೆ ಬೇಸರ ಬರುವುದೂ ನಿಜವೇ. ದೇವರಲ್ಲಿ ನಂಬಿಕೆ ಎಷ್ಟಿದೆ ಎಂದು ನಿಮಗೇ ಸಂಶಯವಿರಬಹುದು. ಅದಕ್ಕೂ ಅಂಜಬೇಡಿ. ಆದರೆ ಒಂದು ವಿಚಾರ ಮಾಡಿ. ಇಂದು ಅನೇಕ ಭಜನಾ ಮಂಡಳಿಗಳಲ್ಲಿ ತಾಳ ಹಿಡಿದ ಕೈಗಳೆಲ್ಲ ನರೆತ ತಲೆಯವರದು. ಗ್ರಂಥ ಓದುವವರು ದಣಿದರೆ ಮುಂದಿನ ಪದ್ಯ ಓದಲು ಪಕ್ಕದಲ್ಲಿ ಯಾರೂ ಇಲ್ಲ. ಆ ಚಾಪೆ ಸುತ್ತಿ ಮೂಲೆಗಿಟ್ಟ ದಿನ ನೀವು ಕಳೆದುಕೊಳ್ಳುವುದು ಭಜನೆಯೊಂದನ್ನೇ ಅಲ್ಲ. ಹೆಸರು ಹಿಡಿದು ಕರೆಯುವ ಹತ್ತು ಮನೆಗಳನ್ನೂ ಕಳೆದುಕೊಳ್ಳುತ್ತೀರಿ.

ಶನಿವಾರವೇ ಆಗಬೇಕೆಂದಿಲ್ಲ. ನಿಮ್ಮ ರಜೆಯ ದಿನ ಯಾವುದೋ ಅದೇ ಆಗಲಿ, ತಿಂಗಳಿಗೆ ಎರಡು ಸಲವೇ ಇರಲಿ. ಆದರೆ ದಿನವೂ ಗಂಟೆಯೂ ಗೊತ್ತಾಗಿರಲಿ, ಉಳಿದ ಕೆಲಸಗಳು ಅದರ ಸುತ್ತ ಸರಿದುಕೊಳ್ಳಲಿ. ಅಕ್ಷರ ಬಾರದವರು ಹಾಡನ್ನು ನಾಗರಿ ಲಿಪಿಯಲ್ಲಿ ಬರೆದುಕೊಳ್ಳಿ, ಅರ್ಥ ಹೇಳುವ ಮಾವನ ಬಳಿ ಕುಳಿತು ಒಂದೊಂದೇ ಪದ ಕೇಳಿ. ಅವರು ಖಂಡಿತ ಬೇಸರಪಡುವುದಿಲ್ಲ, ಎಷ್ಟೋ ದಿನದಿಂದ ಕಾಯುತ್ತಿದ್ದಾರೆ. ಹೊರಡುವಾಗ ಪಾತ್ರೆ ತೊಳೆಯಲು ಕೈಜೋಡಿಸಿ. ಪರಿಚಯ ನಿಜವಾಗಿ ಬೆಳೆಯುವುದು ಅಲ್ಲಿ.

ಮುಂದಿನ ಶನಿವಾರ ಗಾಡಿ ಇಳಿದಾಗ ನಿಲ್ದಾಣದ ಹೊರಗೆ ಒಂದು ಕ್ಷಣ ನಿಲ್ಲಿ. ಎಲ್ಲಿಂದಲೋ ತಾಳದ ಸದ್ದು ಕೇಳಿಸಿದರೆ ಆ ಕಡೆಗೆ ನಡೆಯಿರಿ. ಚಪ್ಪಲಿ ಬಿಡಲು ಬಾಗಿಲಲ್ಲಿ ಇನ್ನೂ ಬೇಕಾದಷ್ಟು ಜಾಗವಿದೆ.